ಘಟವಾಣಿ ಅತ್ತೆಯ ಡೈಲಾಗ್

ಕಪ್ಪು-ಬಿಳುಪು ಸಿನಿಮಾ ಕಾಲ. ಅಂಬುಜಾಬಾಯಿ ತೆರೆಯ ಮೇಲೆ ಬಂದರೆ ಸಾಕು... ಟೆಂಟಿನಲ್ಲಿ ಕುಳಿತ ಹೆಂಗಸರು ನೆಟಿಗೆ ಮುರಿದು ಶಪಿಸುತ್ತಿದ್ದರು!

ನಾಟಕ ಕಂಪನಿಯಲ್ಲಿ ಬೆಳೆದು ಸಿನಿಮಾಕ್ಕೆ ಬಂದವರು. ನಾಯಕಿಯ ಪಾತ್ರ ಒಮ್ಮೆಯೂ ಸಿಗಲಿಲ್ಲ. ಘಟವಾಣಿ ಅತ್ತೆ, ಮಲತಾಯಿ, ಚಾಡಿ ಹೇಳುವ ನೆರೆಯವಳು... ಜೀವನವಿಡೀ ಇಷ್ಟೇ.

ಒಮ್ಮೆ ಯಾರೋ ಒಬ್ಬಾಕೆ ಪರದೆಗೇ ಚಪ್ಪಲಿ ಎಸೆದಿದ್ದಳು. "ನನಗ ಬಂದ ಮೊದಲನೇ ಪ್ರಶಸ್ತಿ ಅದು" ಎಂದು ಅಂಬುಜಾಬಾಯಿ ನಗುತ್ತಿದ್ದರು.

ಆದರೆ ಮೊಮ್ಮಗಳು ವಸುಧಾಳ ಮದುವೆಯ ಮಾತು ಶುರುವಾದಾಗ ಆ ನಗು ನಿಂತಿತು. "ಆ ಘಟವಾಣಿ ಮನಿ ಹುಡುಗಿ ಬ್ಯಾಡ" ಎಂದು ಬಂದ ಸಂಬಂಧಗಳೆಲ್ಲ ಮುರಿದುಬಿದ್ದವು.

ಕೊನೆಗೆ ಹುಬ್ಬಳ್ಳಿಯ ದೊಡ್ಡ ಮನೆತನವೊಂದು ಕನ್ಯಾ ನೋಡಲು ಬಂತು. ಹುಡುಗ ವಸುಧಾಳಿಗೂ ಹಿಡಿಸಿದ. ಇದೂ ತನ್ನಿಂದ ಕೆಡಬಾರದೆಂದು ಅಂಬುಜಾಬಾಯಿ ತುಟಿ ಬಿಗಿದು ಕುಳಿತರು.

ಹುಡುಗನ ತಾಯಿಯ ಬಾಯಲ್ಲಿ ಮಾತುಮಾತಿಗೂ "ಸಂಸ್ಕಾರ"... ಕಣ್ಣಲ್ಲಿ ಮಾತ್ರ ತಾತ್ಸಾರ.

"ಹುಡುಗಿ ನಿಮ್ಮ ಕೈಯಾಗ ಬೆಳದಾಳ. ನಿಮ್ಮ ಗುಣ ಬಂದಿಲ್ಲ, ಹೌದಲ್ರಿ?"

"ಇಲ್ರಿ" ಎಂದರು ಅಂಬುಜಾಬಾಯಿ, ಅವಮಾನ ನುಂಗಿಕೊಂಡು.

ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಆ ಮನೆಯ ಹಿರಿ ಸೊಸೆ ಮೆಲ್ಲಗೆ, "ಅವಲಕ್ಕಿ ಭಾಳ ಚಲೋ ಆಗೇತ್ರಿ" ಎಂದಳು.

ಅತ್ತೆ ಸರ್ರನೆ ತಿರುಗಿದಳು. "ನಿನ್ನ ಕೇಳಿದವರು ಯಾರು? ಸೊಸಿ ಬಾಯಿ ಉಣ್ಣಾಕಷ್ಟ ತೆರಿಬೇಕು!"

ಅಂಬುಜಾಬಾಯಿ ಕಿಸಕ್ಕನೆ ನಕ್ಕುಬಿಟ್ಟರು.

"ಅಕ್ಕಾರ, ಈ ಡೈಲಾಗ್ ನಂದ್ರಿ! ಹತ್ತಾರು ಸಿನಿಮಾದಾಗ ಹೇಳೀನಿ. ಆದ್ರ ಡೈರೆಕ್ಟರು 'ಕಟ್' ಅಂದ ಕೂಡ್ಲೆ, ಸೊಸಿ ಪಾರ್ಟು ಮಾಡೋ ಹುಡುಗಿಗೆ ನಾನ ಕೈತುತ್ತು ಹಾಕ್ತಿದ್ದೆ... ನಿಮಗ 'ಕಟ್' ಅನ್ನಾವ್ರು ಯಾರೂ ಇಲ್ಲೇನ್ರಿ?"

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು... ಕಣ್ಣೀರು ಮಾತ್ರ ನಿಲ್ಲಲಿಲ್ಲ.

ಹುಡುಗ ತಲೆ ತಗ್ಗಿಸಿದ. "ಖರೆ ಐತ್ರಿ ಅಜ್ಜಿ. ಅತ್ತಿಗಿ ಅಳೋದನ್ನ ದಿನಾ ನೋಡ್ತೀನಿ... ನಾನೂ ಸುಮ್ಮನ ಇದ್ದೆ."

"ಹಂಗಾರ ನಾಳೆ ನನ್ನ ಮೊಮ್ಮಗಳು ಅತ್ತರೂ ನೀ ನೋಡಕೋತ ಕೂಡಾವ." ಅಂಬುಜಾಬಾಯಿಯ ದನಿ ತಣ್ಣಗಿತ್ತು. "ಈ ಸಂಬಂಧ ನಮಗ ಬ್ಯಾಡ."

ವಸುಧಾಳ ಕಣ್ಣು ತುಂಬಿ ಬಂತು. ಆದರೂ ಎದ್ದು ಬಂದು ಅಜ್ಜಿಯ ಪಕ್ಕದಲ್ಲಿ ನಿಂತಳು.

ದೊಡ್ಡ ಮನೆತನ ದುಮುಗುಡುತ್ತಾ ಮೆಟ್ಟಿಲಿಳಿಯಿತು. ಸೊಸೆ ಮಾತ್ರ ಹೊಸ್ತಿಲಿನಿಂದ ಹಿಂದಿರುಗಿ ಬಂದು ಅಂಬುಜಾಬಾಯಿಯ ಕೈ ಹಿಡಿದಳು.

"ಸಿನಿಮಾ ನೋಡಿ ನಿಮ್ಮನ್ನ ಭಾಳ ಬೈದೀನ್ರಿ ಅಜ್ಜಿ... ತಪ್ಪಾತು."

"ಬೈಬೇಕವ್ವಾ, ಅದ ನನ್ನ ಪಗಾರ. ಆದ್ರ ಪರದೆ ಮ್ಯಾಲಿನಾಕಿನ್ನ ಬೈದು, ಮನ್ಯಾಗಿನಾಕಿಗೆ ಕೈ ಮುಗದಿ ನೋಡು... ತಪ್ಪು ಅದು!"

ಸೊಸೆ ಅಳುತ್ತಲೇ ನಕ್ಕಳು...

*ಕೆಟ್ಟವರ ಪಾತ್ರ ಮಾಡುವವರು ಸಂಜೆಗೆ ಬಣ್ಣ ತೊಳೆದುಕೊಳ್ಳುತ್ತಾರೆ... ಬದುಕಿನಲ್ಲಿ ಒಳ್ಳೆಯವರ ಪಾತ್ರ ಮಾಡುವವರು ಸಾಯುವ ತನಕ ತೊಳೆಯುವುದಿಲ್ಲ.*

ಇವತ್ತು ನೀವು ಮನೆಯಲ್ಲಿ ಆಡಿದ ಮಾತನ್ನೆಲ್ಲ ಪರದೆಯ ಮೇಲೆ ತೋರಿಸಿದರೆ... ಜನ ಚಪ್ಪಾಳೆ ತಟ್ಟುತ್ತಾರಾ, ನೆಟಿಗೆ ಮುರಿಯುತ್ತಾರಾ?