ಕಾಗೆ ಕೊಟ್ಟ ಸರ್ಟಿಫಿಕೇಟ್

ಕಾಗೆ ಬರಲಿಲ್ಲ.

ಸತ್ಯನಾರಾಯಣ ಹಿತ್ತಲ ಬೇಲಿಯ ಬುಡದಲ್ಲಿ ಎಲೆ ಹಾಕಿ ಅಪ್ಪನ ತಿಥಿಯ ಪಿಂಡ ಇಟ್ಟು ಬಹಳ ಹೊತ್ತಾಗಿತ್ತು. ಉಟ್ಟ ಒದ್ದೆ ಪಂಚೆ ಮೈಮೇಲೇ ಒಣಗಿತ್ತು. ಒಳಗೆ ಚಕ್ರಪಾಣಿಯವರು ಗಡಿಯಾರ ನೋಡುತ್ತಿದ್ದರು. ಅವರು ವಾರವಿಡೀ ಬ್ಯಾಂಕಿನ ಉದ್ಯೋಗಿ, ಶನಿವಾರ ಭಾನುವಾರ ಮಾತ್ರ ಪುರೋಹಿತರು. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಊಟ ಮಾಡುವಂತಿರಲಿಲ್ಲ. ವಡೆ ಆರುತ್ತಿತ್ತು.

ಸಿಡ್ನಿಯ ಪ್ಯಾರಮಟ್ಟಾದ ಈ ಮನೆಯಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಐದಾರು ವರ್ಷಗಳಿಂದ ಪ್ರತಿ ತಿಥಿಗೂ ಅವನು ಎಲೆಯಿಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಬಿಳಿಗಣ್ಣಿನ ದಪ್ಪ ಕಾಗೆಯೊಂದು ಇಳಿಯುತ್ತಿತ್ತು. ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಬೇಳೆ ಕೊಳ್ಳಲು ಬಂದವರನ್ನೂ ಬಿಟ್ಟಿರಲಿಲ್ಲ.

ಹೇಳಿಕೊಳ್ಳಲು ಕಾರಣವಿತ್ತು. ಮೈಸೂರಿನಲ್ಲಿ ಅಪ್ಪ ಹಾಸಿಗೆ ಹಿಡಿದಾಗ, ಇಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕಿದ್ದೇನೆ ಎಂಬ ನೆಪ ಹೇಳಿ ಇವನು ಹೋಗಲಿಲ್ಲ. ಮೆಲ್ಬರ್ನ್‌ನಲ್ಲಿದ್ದ ತಮ್ಮ ಬದರಿನಾಥ ಕೆಲಸ ಬಿಟ್ಟು ಹೋಗಿ ಕೊನೆಯವರೆಗೂ ಅಪ್ಪನ ಮೈ ಒರೆಸಿದ. ಕೊನೆಯ ವಾರ ಇವನು ಫೋನ್ ಮಾಡಿದರೆ ಅಪ್ಪ ಮಾತಾಡಲೇ ಇಲ್ಲ. ಆ ಮೌನ ಸತ್ಯನಾರಾಯಣನನ್ನು ಇಂದಿಗೂ ಚುಚ್ಚುತ್ತಿತ್ತು. ಅಪ್ಪ ತನ್ನನ್ನು ಕ್ಷಮಿಸಿದ್ದಾರೆ ಎನ್ನಲು ಅವನ ಬಳಿ ಇದ್ದ ಒಂದೇ ಸಾಕ್ಷಿ ಆ ಕಾಗೆ.

ಅದರ ಮೇಲೆ, ಬದರಿ ಮೊದಲ ಸಲ ಮೆಲ್ಬರ್ನ್‌ನಲ್ಲಿ ತಿಥಿ ಮಾಡಿದಾಗ ಸಂಜೆಯಾದರೂ ಕಾಗೆ ಸುಳಿದಿರಲಿಲ್ಲ. ಇನ್ನು ಮುಂದೆ ನೀನೇ ಇಲ್ಲಿಗೆ ಬಾ ಎಂದು ಅಣ್ಣ ಅಪ್ಪಣೆ ಕೊಡಿಸಿದ. "ಅಪ್ಪನಿಗೆ ಯಾರ ಮನೆ ಇಷ್ಟ ಅಂತ ಗೊತ್ತಾಯ್ತಲ್ಲ," ಎಂದೂ ಸೇರಿಸಿದ. ಕೊನೆಯವರೆಗೆ ಅಪ್ಪನ ಪಕ್ಕದಲ್ಲಿದ್ದ ಬದರಿ ಮಾರನೆಯ ವರ್ಷದಿಂದ ಸಿಡ್ನಿಗೇ ಬರತೊಡಗಿದ.

ಈ ಪುಣ್ಯಕ್ಷೇತ್ರಕ್ಕೆ ಇದ್ದದ್ದು ಒಂದೇ ಕಳಂಕ, ಪಕ್ಕದ ಮನೆಯ ಜಪಾನಿಗಳ ನಾಯಿ. ಹಯಾಶಿ ದಂಪತಿಗೆ ಮಕ್ಕಳಿರಲಿಲ್ಲ. ಗಂಡ ನಾರ್ತ್ ಸಿಡ್ನಿಯ ಆಫೀಸಿಗೆ ಹೋದ ಮೇಲೆ ಹೆಂಡತಿ ಮಿಚಿಕೋಗೆ ದಿನವೆಲ್ಲ ನಾಯಿ ಕುರೋನದೇ ಸೇವೆ. ವಾಕಿಂಗ್ ಮುಗಿಸಿ ಬಂದರೆ ಬಾಗಿಲಲ್ಲೇ ಅದರ ನಾಲ್ಕೂ ಕಾಲು ಒರೆಸಿ ಒಳಗೆ ಬಿಡುತ್ತಿದ್ದಳು. ಮಳೆ ಬಂದರೆ ಅದಕ್ಕೊಂದು ರೇನ್‌ಕೋಟು, ಹುಟ್ಟುಹಬ್ಬಕ್ಕೊಂದು ಗೆಣಸಿನ ಕೇಕು. ಬೆಳಿಗ್ಗೆ ಬೇಲಿಯ ಪಕ್ಕದಲ್ಲಿ ನೀಲಿ ಪಿಂಗಾಣಿ ತಟ್ಟೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಒಣಮೀನಿನ ಪುಡಿ. ಕುರೋ ಗಂಭೀರವಾಗಿ ತಿಂದು, ದಿನವೂ ಒಂದು ಹಿಡಿ ಅನ್ನ ಬಿಟ್ಟು ಎದ್ದುಹೋಗುತ್ತಿತ್ತು. ನಾಯಿಗೆ ಎಷ್ಟು ಕೊಬ್ಬು ನೋಡು ಎಂದು ಸತ್ಯನಾರಾಯಣ ಮೂಗು ಮುರಿಯುತ್ತಿದ್ದ.

ಹೋದ ವರ್ಷದ ತಿಥಿಗೆ ಬಂದ ಬದರಿ ಬೇಲಿಯ ಮೇಲೆ ಬಾಗಿ ಕುರೋನ ಕಿವಿ ತುರಿಸುತ್ತ, ಮಿಚಿಕೋ ಜೊತೆ ಹರಟುತ್ತ ನಿಂತುಬಿಟ್ಟ. ಅಣ್ಣ ಅವನನ್ನು ಮತ್ತೆ ಸ್ನಾನಕ್ಕೆ ಅಟ್ಟಿದ. ಬೇಲಿಯ ಸಂದಿಯಲ್ಲಿ ಕಂಡ ಮೂತಿಯನ್ನು ನೋಡಿ ಚಕ್ರಪಾಣಿಯವರು, ನಾಯಿಯ ದೃಷ್ಟಿ ಬಿದ್ದ ಪಿಂಡ ಪಿತೃಗಳಿಗೆ ಸಲ್ಲುವುದಿಲ್ಲ ಎಂದರು. ಆದರೂ ಕಾಗೆ ಬಂತಲ್ಲ ಎಂದು ಸತ್ಯನಾರಾಯಣನ ಹೆಂಡತಿ ಗಿರಿಜಾ ನೆನಪಿಸಿದಳು. ಆ ಮನೆಯಲ್ಲಿ ಅವಳ ಮಾತಿಗೆ ಕಿವಿಗೊಡುವ ಪದ್ಧತಿ ಇರಲಿಲ್ಲ.

ಸತ್ಯನಾರಾಯಣ ಕೌನ್ಸಿಲ್‌ಗೆ ಫೋನ್ ಮಾಡಿ, ನಾಯಿ ಹಗಲಿಡೀ ಬೊಗಳುತ್ತದೆ ಎಂದು ದೂರು ಕೊಟ್ಟ. ಕುರೋ ಬೊಗಳಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಕೆಲವು ದಿನ ಕಳೆದು ಮಿಚಿಕೋ ಬಿಸ್ಕತ್ತಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ನಿಮಗೆ ತೊಂದರೆಯಾಯಿತು ಎಂದು ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಕುರೋನನ್ನು ಒಳ್ಳೆಯವರ ಮನೆಗೆ ಕೊಟ್ಟುಬಿಟ್ಟೆವು ಎನ್ನುವಾಗ ಅವಳ ಕಣ್ಣು ಕೆಂಪಾಗಿತ್ತು. ಆಕೆ ಇನ್ನೂ ಏನೋ ಹೇಳಲು ಹೊರಟಿದ್ದಳು, ಅಷ್ಟರಲ್ಲಿ ಇವನು ಬಾಗಿಲು ಹಾಕಿದ. ಯಾರ ಮನೆಗೆ ಎಂದು ಕೇಳುವ ಸೌಜನ್ಯ ಇವನಿಗೆಲ್ಲಿಂದ ಬರಬೇಕು? ಮೊಟ್ಟೆ ಹಾಕಿರುತ್ತಾರೆ ಎಂದು ಬಿಸ್ಕತ್ತನ್ನು ಕಸಕ್ಕೆ ಸುರಿದ.

ಹೀಗೆ ಈ ವರ್ಷ ಹಿತ್ತಲು ಪರಿಶುದ್ಧವಾಗಿತ್ತು. ಬದರಿಯೂ ಬಂದಿರಲಿಲ್ಲ. ಈ ಸಲ ಮನೆ ಬಿಟ್ಟು ಬರುವ ಹಾಗಿಲ್ಲ, ಇಲ್ಲೇ ತಿಥಿ ಮಾಡುತ್ತೇನೆ ಎಂದಿದ್ದ. ಮಾಡು, ಸಂಜೆವರೆಗೂ ಆಕಾಶ ನೋಡುತ್ತ ಕೂತಿರು ಎಂದು ಅಣ್ಣ ನಕ್ಕಿದ್ದ.

ಈಗ ಆಕಾಶ ನೋಡುತ್ತಿದ್ದವನು ಅಣ್ಣನೇ. ನಾಚಿಕೆ ಬಿಟ್ಟು ಕಾ ಕಾ ಎಂದು ಕೂಗಿಯೂ ನೋಡಿದ. ಪಕ್ಕದ ಮನೆಯ ಪರದೆ ಅಲುಗಿತು, ಕಾಗೆ ಬರಲಿಲ್ಲ. ಗಯಾಕ್ಕೆ ಹೋಗಿ ಶ್ರಾದ್ಧ ಮಾಡುತ್ತೇನೆ, ಗೋದಾನ ಮಾಡುತ್ತೇನೆ ಎಂದು ಅಪ್ಪನಿಗೆ ಮನಸ್ಸಿನಲ್ಲೇ ಮಾತು ಕೊಟ್ಟ. ತಪ್ಪಾಯಿತು ಎನ್ನಲು ಮಾತ್ರ ಅವನ ನಾಲಿಗೆ ಏಳಲಿಲ್ಲ.

ಕೊನೆಗೆ ಹಸಿವು ತಡೆಯದ ಚಕ್ರಪಾಣಿಯವರು, ಪಿಂಡವನ್ನು ನೀರಿಗೆ ಬಿಟ್ಟರೂ ಆಗುತ್ತದೆ ಎಂದು ಹೊಸ ಶಾಸ್ತ್ರ ಹೇಳಿ ಊಟದ ಎಲೆಯ ಮುಂದೆ ಕೂತರು. ಅಷ್ಟರಲ್ಲಿ ಫೋನ್ ಬಂತು. ಬದರಿ.

"ಅಣ್ಣ, ಈ ಸಲ ಕಾಗೆ ಬಂತು. ನಾನು ಎಲೆ ಇಟ್ಟು ತಿರುಗೋಷ್ಟರಲ್ಲಿ ಬಂತು."

ಸತ್ಯನಾರಾಯಣ ಕಾಗೆ ಮುಟ್ಟದ ಪಿಂಡದ ಕಡೆ ನೋಡಿದ. ಹಾಗಾದರೆ ಅಪ್ಪ ಕ್ಷಮಿಸಿಲ್ಲ. ಇವನ ಮನೆ ಬಿಟ್ಟು ತಮ್ಮನ ಮನೆಗೆ ಹೊರಟುಹೋಗಿದ್ದಾರೆ. ಎಲೆ ಯಾವ ದಿಕ್ಕಿಗಿಟ್ಟೆ, ಯಾವ ಮಂತ್ರ ಹೇಳಿಸಿದೆ ಎಂದು ತಮ್ಮನನ್ನು ಕೇಳಿದ.

"ದಿಕ್ಕು ಗಿಕ್ಕು ನೋಡ್ಲಿಲ್ಲ ಅಣ್ಣ. ನಿಮ್ಮ ಬೇಲಿ ಪಕ್ಕ ಇರ್ತಿತ್ತಲ್ಲ, ಮಿಚಿಕೋ ಕುರೋ ಜೊತೆ ನಂಗೆ ಕೊಟ್ಟ ಅದೇ ನೀಲಿ ತಟ್ಟೆ ಹತ್ರ ಇಟ್ಟೆ. ಕುರೋ ಬಿಟ್ಟಿದ್ದು ತಿನ್ನೋಕೆ ಇಲ್ಲಿನ ಕಾಗೆ ಈಗ ದಿನಾ ಬರುತ್ತೆ."