ಮಲ್ಲಿಗೆ ನಗರದ ತಾಜಾ ಗಾಳಿ

“ನೋಡ್ರಿ, ಎಂಥಾ ತಾಜಾ ಗಾಳಿ!” ಎಂದು ಅನುರಾಧಾ ಫೋನಿನ ಕ್ಯಾಮೆರಾಕ್ಕೆ ನಕ್ಕಳು. ಮೂರು ಎಣಿಸುವಷ್ಟು ಹೊತ್ತು ನಗುವನ್ನು ಹಿಡಿದಿಟ್ಟು ರೆಕಾರ್ಡಿಂಗ್ ನಿಲ್ಲಿಸಿದಳು. ಆಮೇಲೆ ಬೇವಿನ ಗಿಡದ ಬುಡಕ್ಕೆ ಓಡಿ, ಬೆಳಿಗ್ಗೆ ಕುಡಿದ ಚಹಾ ಅಷ್ಟನ್ನೂ ಕಾರಿಕೊಂಡಳು.

ಬನಹಟ್ಟಿಯ ಹೊರಗಿನ ಈ ಜಾಗದ ಹೆಸರು ಮಲ್ಲಿಗೆ ನಗರ. ಹೆಸರಿಟ್ಟ ಪುಣ್ಯಾತ್ಮನ ಮೂಗು ಒಂದು ದಿನವಾದರೂ ಕೆಲಸ ಮಾಡಿದ್ದರೆ ಆ ಹೂವಿನ ಮಾನ ಉಳಿಯುತ್ತಿತ್ತು. ಪ್ಲಾಟುಗಳ ಬೇಲಿ ದಾಟಿದರೆ ತಗ್ಗು. ತಗ್ಗಿನ ತುಂಬ ಕೋಳಿ ಅಂಗಡಿಗಳ ಪುಕ್ಕ, ಕರುಳು, ಸತ್ತ ನಾಯಿ, ಅದರ ಮೇಲೆ ನಿಂತ ಕರಿ ನೀರು. ನೊಣಗಳು ತುಟಿಯ ಮೇಲೇ ಬಂದು ಕೂರುತ್ತಿದ್ದವು. ಥೂ! ಮನೆಗೆ ಹೋಗಿ ಎರಡೆರಡು ಸಲ ತಲೆಗೆ ನೀರು ಹಾಕಿಕೊಂಡರೂ ಆ ನಾತ ಕೂದಲು ಬಿಡುತ್ತಿರಲಿಲ್ಲ.

ಆ ಪುಣ್ಯಾತ್ಮನೇ ಶಿವಯೋಗೆಪ್ಪ, ಜಮಖಂಡಿಯ ರಿಯಲ್ ಎಸ್ಟೇಟ್ ಏಜೆಂಟ್. ಹುಬ್ಬಳ್ಳಿಯಲ್ಲಿ ಎರಡು ದಿನದ ಆನ್‌ಲೈನ್ ಮಾರ್ಕೆಟಿಂಗ್ ತರಬೇತಿಗೆ ಹೋಗಿ ಬಂದಾಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಫೋಟೋದಿಂದ ಕರೆಂಟಿನ ತಂತಿ ಅಳಿಸುವುದು, ಗಿರಾಕಿಯ ಮೆಸೇಜಿಗೆ ಐದು ನಿಮಿಷದೊಳಗೆ ಉತ್ತರಿಸುವುದು, ಹುಟ್ಟದೇ ಇರುವ ಗಿರಾಕಿಗಳ ಹೆಸರಿನಲ್ಲಿ ಹೊಗಳಿಕೆ ಬರೆಯುವುದು, ಹೀಗೆ ಕಲಿತದ್ದೆಲ್ಲವನ್ನೂ ತಂದು ತನ್ನ ಆಫೀಸಿನ ಅನುರಾಧಾಳ ತಲೆಗೆ ಕಟ್ಟಿದ. ಗಾಳ ಹಾಕುತ್ತಿದ್ದದ್ದು ಮಗ್ಗದ ಕೆಲಸಕ್ಕೆಂದು ಮಹಾರಾಷ್ಟ್ರದ ಭಿವಂಡಿ, ಇಚಲಕರಂಜಿಗೆ ಹೋಗಿ ನೆಲೆಸಿದ ಈ ಕಡೆಯ ಮಂದಿಗೆ. ಅವರು ಬಂದು ನೋಡುವುದು ಅಪರೂಪ. ವಿಡಿಯೋ ನೋಡಿಯೇ ಒಪ್ಪಿಕೊಳ್ಳುತ್ತಾರೆ.

“ಫೋನಿಗೆ ಕಣ್ಣೈತಿ, ಕಿವಿ ಐತಿ, ಮೂಗಿಲ್ಲ ನೋಡ ತಂಗಿ,” ಎಂದು ಅವನು ಹೊಟ್ಟೆ ಕುಲುಕಿಸಿ ನಗುತ್ತಿದ್ದ. “ನಾವು ಬದುಕೂದು ಅದರಿಂದನ.”

ಆ ನಗೆ ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಆದರೆ ಬಿಟ್ಟು ಹೋಗುವುದೆಲ್ಲಿಗೆ? ಬಿ.ಕಾಂ. ಮುಗಿಸಿ, ರಬಕವಿಯ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಎರಡು ವರ್ಷ ಕೂತ ಮೇಲೆ ಸಿಕ್ಕ ಮೊದಲ ನೌಕರಿ ಇದು.

ರಾಜಶ್ರೀ ಎಂಬಾಕೆ ಮೆಸೇಜು ಮಾಡತೊಡಗಿ ಹತ್ತು ದಿನವಾಗಿತ್ತು. ಭಿವಂಡಿಯವಳು. ಮೊದಲ ದಿನವೇ ಒಡಹುಟ್ಟಿದವಳಂತೆ ಬರೆದಳು: “ಅಕ್ಕಾ, ನಮ್ಮವ್ವಗ ದಮ್ಮಿನ ಬ್ಯಾನಿ ಐತ್ರಿ. ಇಲ್ಲಿ ಹತ್ತಿ ಧೂಳಿನಾಗ ಉಸರಾಡಾಕ ಆಗವಲ್ತು. ಊರ ಕಡೆ ಒಂದು ಪ್ಲಾಟ ತಗೊಂಡು, ಮನಿ ಕಟ್ಟಿ ಅಕಿನ್ನ ಅಲ್ಲಿ ಇಡಬೇಕು. ಅಲ್ಲಿ ಗಾಳಿ ಹೆಂಗೈತಿ?”

ಅನುರಾಧಾ ಒಂದು ಗಳಿಗೆ ಫೋನು ಕೆಳಗಿಟ್ಟಳು. ಐದು ನಿಮಿಷ ಮುಗಿಯುವ ಮೊದಲು ಎತ್ತಿಕೊಂಡು “ಭಾಳ ಛಲೋ ಐತ್ರಿ” ಎಂದು ಬರೆದಳು. ಬರೆದ ಬೆರಳನ್ನು ಕುರ್ತಾಕ್ಕೆ ಒರೆಸಿಕೊಂಡಳು.

ಅಲ್ಲಿಂದ ರಾಜಶ್ರೀಯ ಬೇಡಿಕೆಗಳು ಬೆಳೆದವು. ಫೋಟೋ ಸಾಲದು, ಅಕ್ಕನೇ ನಿಂತು ಮಾತಾಡಿದ ವಿಡಿಯೋ ಬೇಕು. ಉಳಿದಿರುವ ಆರೂ ಪ್ಲಾಟಿನದು ಬೇಕು, ಅವ್ವನೇ ಆರಿಸಿಕೊಳ್ಳಲಿ. ಆ ಬೇವಿನ ಗಿಡದ ಕಡೆಗೇ ಕ್ಯಾಮೆರಾ ಹಿಡಿಯಬೇಕು, ಹಸಿರು ಕಂಡರೆ ಅವ್ವನಿಗೆ ಜೀವ ಬರುತ್ತದೆ. ವಿಡಿಯೋದ ಮೇಲೆ ಶಿವಯೋಗೆಪ್ಪನ ಹೆಸರು, ನಂಬರು ಇರಬಾರದು, ಜಾಹೀರಾತು ಎಂದರೆ ಅವ್ವ ನಂಬುವುದಿಲ್ಲ. “ಗಾಳಿ ಬಗ್ಗೆ ಮಾತ್ರ ಮರೀದ ಹೇಳ್ರಿ ಅಕ್ಕಾ. ದಮ್ಮಿದ್ದವರು ಇಲ್ಲಿ ಆರಾಮ ಇರತಾರ ಅಂತ ನಿಮ್ಮ ಬಾಯಿಂದ ಒಂದ ಮಾತು ಬಂದ್ರ ಸಾಕು.”

ಹಾಗೆ ಹೇಳಿ ಹೇಳಿ ಐದು ವಿಡಿಯೋ ಕಳಿಸಿಯಾಗಿತ್ತು. ಇಂದು ಮಾಡಿದ್ದು ಆರನೆಯದು.

ಆಫೀಸಿಗೆ ಬಂದವಳು ನೇರ ಶಿವಯೋಗೆಪ್ಪನ ಟೇಬಲ್ಲಿನ ಮುಂದೆ ನಿಂತಳು. ಅವನು ಮಿರ್ಚಿ ಭಜಿ ತಿನ್ನುತ್ತಿದ್ದ. ಎಣ್ಣೆಯ ಬೆರಳಿನಲ್ಲೇ ಅವಳ ಕೈಯಲ್ಲಿದ್ದ ಆಫೀಸಿನ ಫೋನು ಮುಟ್ಟಿ, ವಿಡಿಯೋ ನೋಡಿ ಬಾಯಿ ಚಪ್ಪರಿಸಿದ.

“ಸರ್, ಇವರಿಗೊಬ್ಬರಿಗೆ ಬ್ಯಾಡ್ರಿ. ಮುದುಕಿಗೆ ದಮ್ಮ ಐತಿ. ಅಲ್ಲಿ ಒಂದು ವಾರ ಇದ್ರ ಸಾಯತಾಳ.”

“ಸಾಯೂದು ಬದುಕೂದು ಶಿವನ ಕೈಯಾಗೈತಿ. ವಿಡಿಯೋ ನಿನ್ನ ಕೈಯಾಗೈತಿ, ಕಳಸು. ನಾಳೆ ಟೋಕನ್ ರೊಕ್ಕ ಹಾಕತಾರ.”

“ಮನಸ್ಸು ಒಪ್ಪವಲ್ತ್ರಿ.”

“ಒಪ್ಪಲಿಲ್ಲಂದ್ರ ನಾಳಿಂದ ಬರಬ್ಯಾಡ. ಕಂಡಕಿ ಸುತ್ತಾಕ ಮನಸ್ಸು ಬೇಕಾಗೂದಿಲ್ಲ.”

ವಿಡಿಯೋ ಹೋಯಿತು. ರಾಜಶ್ರೀ ಕೈಮುಗಿದ ಚಿತ್ರ ಕಳಿಸಿದಳು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ರೊಟ್ಟಿಗೂ ಅದೇ ನಾತ ಹತ್ತಿದಂತಿತ್ತು. ಅವಳಿಗೆ ತನ್ನ ಬಾಯಿಯ ಮೇಲೇ ಹೇಸಿಗೆ ಹುಟ್ಟಿತು. ನಳದ ಹತ್ತಿರ ಹೋಗಿ ಮುಕ್ಕಳಿಸಿ ಉಗಿದಳು. ಮತ್ತೆ ಮುಕ್ಕಳಿಸಿದಳು. ಕೆಮ್ಮುತ್ತ ಹೊರಸಿನ ಮೇಲೆ ಎದ್ದು ಕೂತ, ತಾನು ಕಾಣದ ಒಬ್ಬ ಮುದುಕಿ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ನೌಕರಿ ಹಾಳಾಗಿ ಹೋಗಲಿ ಎಂದುಕೊಂಡು ತನ್ನ ಸ್ವಂತ ಫೋನಿನಿಂದ ಬರೆಯತೊಡಗಿದಳು. ತಗ್ಗು, ಕರುಳು, ಕರಿ ನೀರು, ನೊಣ, ಯಾವುದನ್ನೂ ಮುಚ್ಚಿಡಲಿಲ್ಲ. “ನಾ ಹೇಳಿದ್ದೆಲ್ಲ ಸುಳ್ಳು. ಅವ್ವನ್ನ ಇಲ್ಲಿಗೆ ಕರಕೊಂಡು ಬರಬ್ಯಾಡ್ರಿ. ಟೋಕನ್ ಹಾಕಬ್ಯಾಡ್ರಿ. ನನ್ನ ಹೆಸರು ಅನುರಾಧಾ. ನಮ್ಮ ಸರ್ ಮುಂದ ಹೆಸರು ಹೇಳಿದ್ರೂ ಅಡ್ಡಿ ಇಲ್ಲ.”

ಕಳಿಸಿದ ಮೇಲೆ ಎಷ್ಟೋ ದಿನದ ನಂತರ ಎದೆ ತುಂಬ ಉಸಿರೆಳೆದುಕೊಂಡಳು. ಬಸ್ಸಿನ ಡೀಸೆಲ್ ಹೊಗೆಯೂ ಹಿತವೆನಿಸಿತು. ಒಂದು ಜೀವವಂತೂ ಉಳಿಯಿತು, ಇನ್ನು ಕಂಡಿಕೆ ಸುತ್ತಿದರೂ ಚಿಂತೆಯಿಲ್ಲ.

ರಬಕವಿ ಬಸ್ಸು ಬರುವ ಮೊದಲೇ ಉತ್ತರ ಬಂತು.

“ನಾತ ಬರೂದು ನನಗ ಮದಲ ಗೊತ್ರೀ ಅಕ್ಕಾ, ಹೋದ ತಿಂಗಳ ಬಂದು ನೋಡಿಕೊಂಡು ಹೋಗೇನಿ. ನಾನೂ ನಿಮ್ಮಂಗ ಏಜೆಂಟ. ನಮ್ಮವ್ವಗ ದಮ್ಮ ಗಿಮ್ಮ ಏನಿಲ್ಲ, ಗುಂಡಕಲ್ಲಿನಂಗ ಅದಾಳ. ಆದ್ರ ನಿಮ್ಮ ವಿಡಿಯೋ ನೋಡಿ ಖರೇನ ದಮ್ಮಿದ್ದವರು ನಾಕ ಮಂದಿ ನನ್ನ ಹತ್ರ ರೊಕ್ಕ ಕಟ್ಯಾರ. ಉಳದ ಎರಡು ಪ್ಲಾಟಿಗೆ ಇನ್ನೊಂದು ಮಾಡಿ ಕಳಸ್ರಿ, ನಿಮ್ಮ ಮಾರಿ ನೋಡಿದ್ರ ಮಂದಿ ಲಗೂನ ನಂಬತಾರ.”