ಆಯುಧ ಪೂಜೆಗೆ ಬಂದ ಲ್ಯಾಪ್‌ಟಾಪ್

ಚೆಂಡುಹೂವಿನ ಬುಟ್ಟಿಯ ತಳದಲ್ಲಿ ಚಪ್ಪಟೆಯಾದದ್ದೇನೋ ಕೈಗೆ ತಾಗಿತು. ತೆಂಗಿನಕಾಯಿ ಅಲ್ಲ, ಬಾಳೆಹಣ್ಣಂತೂ ಅಲ್ಲವೇ ಅಲ್ಲ. ಚಿನ್ಮಯಿ ಕೈ ಹಿಂದಕ್ಕೆ ತೆಗೆಯದೆ ಎದುರಿಗೆ ನಿಂತಿದ್ದ ಹೊಸ ಎಂಜಿನಿಯರ್ ಸೂರಜ್‌ನ ಮುಖ ನೋಡಿದಳು.

“ಇದೇನು?” ಎಂದು ಹಿಂದಿಯಲ್ಲಿ ಕೇಳಿದಳು.

ಅವನ ಹಣೆಯಲ್ಲಿ ಬೆವರೊಡೆಯಿತು. ಹೂವು ಸರಿಸಿ ಲ್ಯಾಪ್‌ಟಾಪ್ ಹೊರತೆಗೆದ. ಸರ್ಕಾರದ್ದಲ್ಲ, ಸ್ವಂತದ್ದು. ಮುಚ್ಚಳದ ಮೇಲೆ ಆಗಲೇ ಅರಿಶಿನ ಕುಂಕುಮ ಹಚ್ಚಿದ್ದ.

ಹೈದರಾಬಾದಿನ ಆ ರಕ್ಷಣಾ ಘಟಕದಲ್ಲಿ ಸ್ವಂತ ಕಂಪ್ಯೂಟರ್ ಗೇಟು ದಾಟುವಂತಿರಲಿಲ್ಲ. ಮೊಬೈಲು, ಪೆನ್ ಡ್ರೈವು, ಕೊನೆಗೆ ಸ್ಮಾರ್ಟ್ ವಾಚ್ ಕೂಡ ಗೇಟಿನ ಕಪಾಟಿನಲ್ಲಿಟ್ಟು ಟೋಕನ್ ಪಡೆಯಬೇಕು. ಭದ್ರತಾ ಅಧಿಕಾರಿ ಚಿನ್ಮಯಿ ಈ ವಿಷಯದಲ್ಲಿ ನಿರ್ದೇಶಕರನ್ನೂ ಬಿಟ್ಟವಳಲ್ಲ. ಬಿಡುವ ಹಾಗೂ ಇರಲಿಲ್ಲ. ಅವಳಿಗಿಂತ ಮೊದಲಿದ್ದ ಅಧಿಕಾರಿ, ನಕ್ಷೆಗಳ ಕೋಣೆಯಲ್ಲಿ ಯಾರದೋ ಲ್ಯಾಪ್‌ಟಾಪ್ ಸಿಕ್ಕಿತೆಂದು ಕೆಲಸ ಕಳೆದುಕೊಂಡು ಮನೆ ಸೇರಿದ್ದ. ಹಬ್ಬ ಮುಗಿದ ಮೇಲೆ ದಿಲ್ಲಿಯಿಂದ ತಪಾಸಣೆಯವರು ಬರುವುದಿತ್ತು. ಒಂದೇ ಒಂದು ತಪ್ಪು ಸಿಕ್ಕರೆ ಇವಳದೂ ಅದೇ ಗತಿ. ಗಂಡನಿಲ್ಲದ ಮನೆ, ಕಾಲೇಜಿಗೆ ಹೋಗುವ ಮಗಳು. ಈ ನೌಕರಿ ಹೋದರೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಇವತ್ತು ಆಯುಧ ಪೂಜೆ. ಇಡೀ ಘಟಕವೇ ಬುಟ್ಟಿ ಹಿಡಿದು ಬಂದಿತ್ತು. ಬೂದುಗುಂಬಳ, ಬಾಳೆಕಂದು, ಬೇಗಂ ಬಜಾರಿನ ಕುಂಕುಮದ ಪೊಟ್ಟಣ. ಕಾವಲಿನವರು ಹಬ್ಬದ ಗುಂಗಿನಲ್ಲಿ ಕೈಮುಗಿದು ಒಳಗೆ ಬಿಡುತ್ತಿದ್ದರು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗದು ಎಂದೇ ಅವಳು ತಾನೇ ಗೇಟಿಗೆ ಬಂದು ನಿಂತಿದ್ದಳು. ಈಗ ಒಬ್ಬ ಸಿಕ್ಕೇಬಿಟ್ಟಿದ್ದ.

“ತಪ್ಪಾತ್ರೀ ಮೇಡಂ,” ಎಂದ ಸೂರಜ್. ಕನ್ನಡದಲ್ಲಿ.

ಚಿನ್ಮಯಿ ಬೆಚ್ಚಿದಳು. ದಿನವಿಡೀ ಹಿಂದಿ, ತೆಲುಗಿನಲ್ಲೇ ಹೆಣಗುವ ಕಿವಿಗೆ ತವರಿನ ಮಾತು ಬಿದ್ದು ಎಷ್ಟೋ ಕಾಲವಾಗಿತ್ತು. ಗಾಬರಿಯಾದವನ ಬಾಯಲ್ಲಿ ಮನೆಮಾತು ಬರುವುದು ಸಹಜ ಎಂದುಕೊಂಡಳು. ಆದರೆ ದನಿ ಸಡಿಲಿಸಲಿಲ್ಲ.

“ಯಾರು ಕಳಿಸ್ಯಾರ ನಿನ್ನ? ಖರೇ ಹೇಳು.”

“ಅವ್ವ ಕಳಿಸ್ಯಾಳ್ರೀ. ಮದಲನೇ ನೌಕರಿ, ಮದಲನೇ ಆಯುಧ ಪೂಜಿ. ಓದಿದ್ದೆಲ್ಲಾ ಇದರಾಗ. ಆಫೀಸಿನ ದೇವರ ಮುಂದ ಇಡಾಕಽ ಬೇಕು ಅಂತ ಹಟ ಹಿಡದಾಳ್ರೀ. ಬೇಕಾದ್ರ ನೀವಽ ಮಾತಾಡ್ರಿ.”

ಹೀಗೆ ಕಥೆ ಕಟ್ಟುವ ಬಹಳ ಜನರನ್ನು ಅವಳು ಕಂಡಿದ್ದಳು. ಕಾವಲುಕೋಣೆಯ ಫೋನಿನಿಂದ ಅವನು ಹೇಳಿದ ನಂಬರನ್ನು ತಾನೇ ಒತ್ತಿದಳು. ಒಮ್ಮೆ ಗಂಟೆಯಾಗುವಷ್ಟರಲ್ಲೇ ಎತ್ತಿದರು.

“ಪಾರ್ವತೆಮ್ಮ ಮಾತಾಡಾಕತ್ತೀನ್ರೀ, ಲಿಂಗಸೂಗೂರಿನಿಂದ.”

ಹಬ್ಬದ ದಿನವೂ ಆ ಮನೆಯಲ್ಲಿ ಒಂದು ಪಾತ್ರೆಯ ಸದ್ದಿರಲಿಲ್ಲ. ಪಾಪ, ಒಂಟಿ ಹೆಂಗಸಿರಬೇಕು ಎನಿಸಿತು ಚಿನ್ಮಯಿಗೆ. ವಿಷಯ ಹೇಳಿದಳು.

“ನೀ ಯಾವೂರಾಕಿ ಯವ್ವಾ?”

“ಬಾಗಲಕೋಟಿ ಕಡೆಯಾಕೀರಿ.”

“ಹಂಗಾರ ನಮ್ಮಾಕೀನಽ ಬಿಡು. ನಿನ್ನ ಕಾಯ್ದೆ ನಿನಗ ದೊಡ್ಡದು. ಅವನ್ನ ಒಳಗ ಬಿಡಬ್ಯಾಡ. ನಿನ್ನ ಕೈಯಾರೆ ಒಯ್ದು ದೇವರ ಮುಂದ ಇಡ್ತೀಯೇನು? ಇಡಂಗಿಲ್ಲ ಅಂದ್ರೂ ನನಗೇನು ಸಿಟ್ಟಿಲ್ಲ ನೋಡು.”

ತಾಯಿ ಹೋದ ಮೇಲೆ ಅವಳನ್ನು ಯವ್ವಾ ಎಂದು ಯಾರೂ ಕರೆದಿರಲಿಲ್ಲ. ಫೋನು ಇಟ್ಟು ಗೇಟಿನ ಕಪಾಟಿನ ಕಡೆ ನೋಡಿದಳು. ನಿಯಮದಂತೆ ಲ್ಯಾಪ್‌ಟಾಪ್ ಅಲ್ಲಿಗೇ ಹೋಗಬೇಕು. ಆದರೆ ಕುಂಕುಮ ಹಚ್ಚಿದ್ದನ್ನು ಆ ಧೂಳಿನಲ್ಲಿ ತುರುಕಲು ಮನಸ್ಸು ಬರಲಿಲ್ಲ. ಹುಡುಗ ಗೇಟಿನಲ್ಲೇ ಇರಲಿ, ಯಂತ್ರ ಪೂರಾ ಆಫ್ ಆಗಿದೆ, ತನ್ನ ಕಣ್ಣೆದುರೇ ಇರುತ್ತದೆ. ಅಪಾಯವೇನು ಬಂತು?

ಪೂಜೆ ನಕ್ಷೆಗಳ ಕೋಣೆಯಲ್ಲಿತ್ತು. ದೊಡ್ಡ ಕಂಪ್ಯೂಟರ್‌ಗಳ ಸಾಲಿನ ತುದಿಗೆ ಅದನ್ನಿಟ್ಟು, ಮಂಗಳಾರತಿ ಆಗುವವರೆಗೂ ರೆಪ್ಪೆ ಮಿಟುಕಿಸದೆ ಕಾದಳು. ಎಲ್ಲರೂ ಹೊರಟ ಮೇಲೆ ಎತ್ತಿಕೊಳ್ಳಲು ಬಾಗಿದವಳಿಗೆ ಕೈ ಮುಂದೆ ಹೋಗಲಿಲ್ಲ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಅಲುಗಿಸಬಾರದು. ಅಪ್ಪ ಕುಡುಗೋಲನ್ನು ಕೂಡ ಮುಟ್ಟಗೊಡುತ್ತಿರಲಿಲ್ಲ. ಒಂದು ರಾತ್ರಿಯ ಮಾತು. ಬಾಗಿಲಿಗೆ ಬೀಗ ಹಾಕಿ, ಅರಗಿನ ಮುದ್ರೆ ಒತ್ತಿ, ಕೀಲಿಯನ್ನು ತಾನೇ ಇಟ್ಟುಕೊಂಡಳು.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಓಡಿ ಬಂದರೆ ಗೇಟಿನ ಮುಂದೆ ಕೆಂಪು ಪಟ್ಟಿಯ ಕಾರು ನಿಂತಿತ್ತು. ತಪಾಸಣೆಯವರು ಹಬ್ಬ ಮುಗಿಯುವುದನ್ನು ಕಾದಿರಲಿಲ್ಲ. ನರೆಗೂದಲಿನ ಹಿರಿಯ ಮಹಿಳಾ ಅಧಿಕಾರಿಯೊಬ್ಬರು ಇಳಿದು, ಕೆಳದನಿಯಲ್ಲಿ, ಹಿಂದಿಯ ಎರಡೇ ಮಾತಿನಲ್ಲಿ ನಕ್ಷೆಗಳ ಕೋಣೆ ತೆರೆಯಲು ಹೇಳಿದರು.

ಮುದ್ರೆ ಹಾಗೇ ಇತ್ತು. ಚಿನ್ಮಯಿ ಅದನ್ನು ಒಡೆದು ಬೀಗ ತೆರೆದಳು. ಒಳಗೆ ಊದುಬತ್ತಿಯ ವಾಸನೆ. ಆ ಹೆಂಗಸು ಒಂದೊಂದೇ ಯಂತ್ರವನ್ನು ನೋಡುತ್ತ ಸಾಲಿನ ತುದಿಗೆ ಹೋಗಿ ನಿಂತರು. ಯಾರೂ ಮುಟ್ಟಿಲ್ಲ, ನಾನೇ ಮುದ್ರೆ ಹಾಕಿದ್ದೆ, ಈಗಲೇ ತೆಗೆಯುವವಳಿದ್ದೆ ಎಂದು ಚಿನ್ಮಯಿ ಹಿಂದಿಯಲ್ಲಿ ತಡವರಿಸಿದಳು. ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

“ಇಡಂಗಿಲ್ಲ ಅಂತೀ ಅಂದ್ಕೊಂಡಿದ್ದೆ, ಯವ್ವಾ,” ಎಂದಿತು ನಿನ್ನೆ ಫೋನಿನಲ್ಲಿ ಕೇಳಿದ ದನಿ.